ಕಪ್ಪೆಯ ತುತ್ತು

ಮನೆಯಲ್ಲಿ ಒಂದು ಕಪ್ಪೆಗೆ ಆರೈಕೆ ಮಾಡಿದೆ ಎಂದರೆ ನೀವು ನಗುತ್ತೀರಿ. ನಮ್ಮ ಶಾಲೆಯ ಶಿಕ್ಷಕಿಯರ ಕೋಣೆಯಲ್ಲಿ ಹೇಳಿದಾಗಲೂ ಎಲ್ಲರೂ ನಕ್ಕರು. "ಆಕಳಿಗೆ ಮಾಡಿದರ ಪುಣ್ಯ ಬರತೈತಿ ಅಕ್ಕಾರ, ನಾಯಿಗೆ ಮಾಡಿದರ ಮನಿ ಕಾಯತೈತಿ. ಕಪ್ಪಿಗೆ ಮಾಡಿದರ ಏನ ಬರತೈತ್ರಿ?" ಎಂದು ಒಬ್ಬರು ಕೇಳಿದರು. ನಾನೂ ಅವರ ಜೊತೆ ನಕ್ಕೆ. ಆದರೆ ಆ ಪ್ರಶ್ನೆ ಬುತ್ತಿಯ ಡಬ್ಬಿಯ ಜೊತೆಗೆ ನನ್ನ ಹಿಂದೆಯೇ ಮನೆಗೆ ಬಂತು. ಅದಕ್ಕೆ ಉತ್ತರ ಹೇಳಬೇಕೆಂದರೆ ಮೊದಲು ನಮ್ಮ ಬಚ್ಚಲ ಮನೆಯ ಕಥೆ ಹೇಳಬೇಕು.

ನಮ್ಮ ಬನಹಟ್ಟಿ ನೇಕಾರರ ಊರು. ಕರೆಂಟು ಇದ್ದಷ್ಟು ಹೊತ್ತು ಓಣಿ ಓಣಿಯಲ್ಲೂ ಮಗ್ಗದ ಸಪ್ಪಳ. ಹೊಸದಾಗಿ ಬಂದವರಿಗೆ ಆ ಸಪ್ಪಳದಲ್ಲಿ ನಿದ್ದೆ ಬರುವುದಿಲ್ಲ, ನಮಗೆ ಅದು ನಿಂತರೆ ಎಚ್ಚರವಾಗುತ್ತದೆ. ನಮ್ಮವರೂ ಹಿತ್ತಲ ಕಡೆ ನಾಲ್ಕು ಪಾವರ್‌ಲೂಮ್ ಇಟ್ಟಿದ್ದಾರೆ. ಮಗ್ಗದ ಮನೆಗೂ ಅಡಿಗೆ ಮನೆಗೂ ನಡುವೆ ಹಳೆಯ ಕಾಲದ ಬಚ್ಚಲು. ಅಲ್ಲಿ ನೀರು ಕಾಸುವ ಹಂಡೆಯ ಹಿಂದೆ, ಗೋಡೆಯ ಸಂದಿಯಲ್ಲಿ ಒಂದು ನೆಲಗಪ್ಪೆ ಎಷ್ಟೋ ವರ್ಷಗಳಿಂದ ಇತ್ತು. ಮೈತುಂಬ ಗುಳ್ಳೆ, ಮಣ್ಣಿನ ಬಣ್ಣ. ಸಂಜೆ ದೀಪ ಹಚ್ಚಿದ ಮೇಲೆ ಹೊರಗೆ ಬಂದು ದೀಪದ ಬುಡದಲ್ಲಿ ಬಿದ್ದ ಹುಳ ತಿನ್ನುತ್ತಿತ್ತು. ಅದನ್ನು ನಾವು ಸಾಕಿರಲಿಲ್ಲ. ಅದು ಇತ್ತು, ನಾವೂ ಇದ್ದೆವು, ಅಷ್ಟೆ. ಅದರ ಜೊತೆ ಮಾತಾಡುತ್ತಿದ್ದವನು ನನ್ನ ಏಳು ವರ್ಷದ ಮೊಮ್ಮಗ ಒಬ್ಬನೇ. ಮುಟ್ಟಿದರೆ ನರಹುಲಿ ಆಗುತ್ತದೆ ಎಂದು ಓಣಿಯ ಹುಡುಗರು ಅವನನ್ನು ಹೆದರಿಸಿದ್ದರು. ಕಪ್ಪೆಯಿಂದ ನರಹುಲಿ ಬರುವುದಿಲ್ಲ, ಆದರೆ ಅದರ ಮೈಯ ರಸ ಕಣ್ಣಿಗೆ ಉರಿ, ಮುಟ್ಟಿದರೆ ಕೈ ತೊಳೆದುಕೋ ಎಂದು ನಾನು ಹೇಳಿಕೊಟ್ಟಿದ್ದೆ.

ಇದು ನಡೆದದ್ದು 2019ರ ಜೂನ್ ತಿಂಗಳಲ್ಲಿ. ಆ ಬೇಸಿಗೆಯನ್ನು ನಮ್ಮ ಕಡೆಯವರು ಮರೆಯುವುದಿಲ್ಲ. ಕೃಷ್ಣೆಯ ಪಾತ್ರ ಬತ್ತಿ, ಕೊಯ್ನಾದಿಂದ ನೀರು ಬಿಡುತ್ತಾರೆಂದು ದಾರಿ ಕಾಯುವಂತಾಗಿತ್ತು. ಮಳೆ ಹಿಂದೆ ಬಿದ್ದಾಗ ನಮ್ಮ ಕಡೆ ಹುಡುಗರು ಸೆಗಣಿಯ ಗುರ್ಜಿ ಮಾಡಿ ಹೊತ್ತು ಮನೆ ಮನೆಗೆ ಬರುತ್ತಾರೆ, ನಾವು ತಂಬಿಗೆ ನೀರು ಸುರಿಯುತ್ತೇವೆ. ಉಡುಪಿಯಲ್ಲಿ ಅದೇ ಜೂನ್‌ನಲ್ಲಿ ಎರಡು ಕಪ್ಪೆಗಳಿಗೆ ಮದುವೆಯನ್ನೇ ಮಾಡಿದರು. ಪೇಪರಿನಲ್ಲಿ ಫೋಟೋ ಬಂದಿತ್ತು. ಮಳೆ ಬೇಕಾದಾಗ ಕಪ್ಪೆ ನಮಗೆ ದೇವರಿಗಿಂತ ಸ್ವಲ್ಪವೇ ಕಡಿಮೆ. ಉಳಿದ ದಿನಗಳಲ್ಲಿ ಪೊರಕೆಯಿಂದ ತಳ್ಳುವ ವಸ್ತು. ನಾವು ಅದನ್ನು ಮೊದಲಿನಿಂದಲೂ ಹೀಗೇ ನಡೆಸಿಕೊಂಡು ಬಂದಿದ್ದೇವೆ. ಒಂದು ಕಾಲಕ್ಕೆ ನಮ್ಮ ದೇಶದಿಂದ ವರ್ಷಕ್ಕೆ ಸಾವಿರಾರು ಟನ್ ಕಪ್ಪೆ ಕಾಲು ಪರದೇಶದ ಊಟದ ಮೇಜಿಗೆ ಹೋಗುತ್ತಿತ್ತು. ಹೊಲದ ಹುಳ ತಿನ್ನುವವರು ಇಲ್ಲವಾದಾರೆಂಬ ಕೂಗು ಎದ್ದ ಮೇಲೆ 1987ರಲ್ಲಿ ಸರಕಾರ ಅದನ್ನು ನಿಲ್ಲಿಸಿತು. ನನ್ನ ತಮ್ಮ ಪಿಯುಸಿ ಸೈನ್ಸ್ ಓದುವಾಗ ಮೇಣದ ತಟ್ಟೆಯ ಮೇಲೆ ಕಪ್ಪೆಗೆ ಗುಂಡುಸೂಜಿ ಚುಚ್ಚಿ ಹೊಟ್ಟೆ ಕೊಯ್ದದ್ದನ್ನು ಮನೆಗೆ ಬಂದು ಹೇಳಿ ಎರಡು ದಿನ ಊಟ ಬಿಟ್ಟಿದ್ದ. ಕಾಲೇಜುಗಳ ಪ್ರಾಣಿಶಾಸ್ತ್ರ ತರಗತಿಗಳಲ್ಲಿ ಆ ಕೊಯ್ಯುವಿಕೆ ಬೇಡವೆಂದು ಯುಜಿಸಿ ಹೇಳಿದ್ದು 2014ರಲ್ಲಿ. ನಾನು ಬಿಎ ಓದಿದವಳು, ಕಪ್ಪೆ ಕೊಯ್ಯುವ ಪಾಪ ನನಗೆ ತಪ್ಪಿತು ಎಂದು ಸಮಾಧಾನ ಪಟ್ಟುಕೊಂಡಿದ್ದೆ. ಪಾಪ ಬೇರೆ ದಾರಿಯಿಂದ ಮನೆಗೆ ಬರುತ್ತದೆಂದು ಗೊತ್ತಿರಲಿಲ್ಲ.

ನಮ್ಮ ಅತ್ತೆಯವರಿಗೆ ಲಕ್ವಾ ಹೊಡೆದು ಆಗ ಮೂರನೆಯ ವರ್ಷ. ಎಂಬತ್ತು ದಾಟಿದ ಜೀವ. ಬಲಗೈ ಬಲಗಾಲು ಬಿದ್ದಿದ್ದವು, ಮಾತು ತೊದಲು, ಬುದ್ಧಿ ಮಾತ್ರ ಮೊದಲಿನಷ್ಟೇ ಚುರುಕು. ಅವರನ್ನು ಮುಂದಿನ ಕೋಣೆಯಲ್ಲಿ, ಗಾಳಿ ಬೆಳಕು ಇರುವ ಕಡೆ ಮಲಗಿಸಿದ್ದೆ. ಹೊತ್ತಿಗೆ ಸರಿಯಾಗಿ ಔಷಧ, ಹೊತ್ತಿಗೆ ಸರಿಯಾಗಿ ಹಾಲು ಗಂಜಿ, ದಿನಕ್ಕೆ ಎರಡು ಸಲ ಹಾಸಿಗೆ ಬದಲು. ಮೈ ಒರೆಸಲು, ಹೊಲಸು ತೆಗೆಯಲು ಒಬ್ಬ ಹೆಣ್ಣುಮಗಳನ್ನು ಇಟ್ಟಿದ್ದೆವು. ನೋಡಲು ಬಂದ ಬಳಗದವರು, "ಮನಿ ಒಂಚೂರೂ ನಾರೂದಿಲ್ಲ ನೋಡ್ರಿ, ಸೊಸಿ ಅಂದರ ಹಿಂಗಿರಬೇಕು" ಎಂದು ಹೊಗಳುತ್ತಿದ್ದರು. ಆ ಹೊಗಳಿಕೆ ನನಗೆ ರುಚಿಸಿತ್ತು. ಅದನ್ನು ಉಳಿಸಿಕೊಳ್ಳಲು ಐದು ಲೀಟರಿನ ಫಿನೈಲ್ ಡಬ್ಬಿ ತರಿಸಿ, ಅತ್ತೆಯ ಕೋಣೆಗೆ, ಬಚ್ಚಲಿಗೆ, ಮೋರಿಗೆ ಧಾರಾಳವಾಗಿ ಸುರಿಯುತ್ತಿದ್ದೆ.

ಒಂದು ಭಾನುವಾರ ಮುಂಜಾನೆ ಮೊಮ್ಮಗ ಓಡಿಬಂದ. "ಆಯಿ, ಕಪ್ಪಿ ಹಂಗ್ಯಾಕ ಮಲಗೈತಿ?"

ಹಂಡೆಯ ಹಿಂದಿನ ಸಂದಿಯಿಂದ ಹೊರಗೆ ಬಂದು, ಕಾಲು ಚಾಚಿ ಬಿದ್ದಿತ್ತು. ಹೊಟ್ಟೆಯ ಕೆಳಗೆ ಕೆಂಪಗೆ ಕಂದಿತ್ತು. ಗಂಟಲ ಹತ್ತಿರದ ಚರ್ಮ ಮಾತ್ರ ಸಣ್ಣಗೆ ಬಡಿದುಕೊಳ್ಳುತ್ತಿತ್ತು. ಬಚ್ಚಲ ತುಂಬ ಹಿಂದಿನ ರಾತ್ರಿ ನಾನು ಸುರಿದ ಫಿನೈಲಿನ ವಾಸನೆ. ಎಸೆದು ಬಾ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹುಡುಗ ನನ್ನ ಮುಖ ನೋಡುತ್ತಿದ್ದ. ತರಗತಿಯಲ್ಲಿ ಪ್ರಾಣಿದಯೆಯ ಪಾಠ ಮಾಡುವವಳ ಮುಖ ಅದು. ಎಸೆ ಎನ್ನಲಾಗಲಿಲ್ಲ.

ಗಾಯಕ್ಕೆ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಅರಿಷಿಣ. ಎಣ್ಣೆಯಲ್ಲಿ ಕಲಸಿ ಅದರ ಹೊಟ್ಟೆಗೆ ಹಚ್ಚಿದೆ. ಅದು ಮೈ ಮುದುಡಿಕೊಂಡಿತು. ಔಷಧ ಹತ್ತಿತು, ಉರಿ ಇದ್ದದ್ದೇ ಎಂದುಕೊಂಡೆ. ಮಧ್ಯಾಹ್ನ ಮನಸ್ಸು ತಡೆಯದೆ, ಪರಿಚಯದ ದನದ ಡಾಕ್ಟರರಿಗೆ ಫೋನು ಮಾಡಿದೆ. ಅವರು ನಗಲಿಲ್ಲ. "ಮೊದಲು ಆ ಅರಿಷಿಣ ತೊಳೀರಿ ಅಕ್ಕಾರ," ಎಂದರು. ಕಪ್ಪೆ ನಮ್ಮ ಹಾಗೆ ಬಾಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ಕೆಳಗಿನ ಚರ್ಮದಿಂದಲೇ ನೀರು ಹೀರುತ್ತದೆ, ಉಸಿರನ್ನೂ ಅರ್ಧಮರ್ಧ ಚರ್ಮದಿಂದಲೇ ಆಡುತ್ತದೆ. ನೆಲಕ್ಕೆ ಏನು ಚೆಲ್ಲುತ್ತೀರೋ ಅದನ್ನೇ ಅದು ಕುಡಿಯುತ್ತದೆ ಎಂದು ವಿವರಿಸಿದರು. ನಳದ ನೀರನ್ನು ಅಗಲ ಪಾತ್ರೆಯಲ್ಲಿ ಒಂದು ದಿನ ಇಟ್ಟು, ಬ್ಲೀಚಿಂಗ್ ವಾಸನೆ ಹೋದ ಮೇಲೆ ಬಳಸಬೇಕು. ಬೆರಳು ತೋಯುವಷ್ಟೇ ನೀರಿರಬೇಕು, ಶಕ್ತಿ ಇಲ್ಲದ ನೆಲಗಪ್ಪೆ ಆಳದ ನೀರಿನಲ್ಲಿ ಮುಳುಗಿ ಸಾಯುತ್ತದೆ. ಸಾಬೂನು ಹಚ್ಚಿದ ಕೈಯಿಂದ ಮುಟ್ಟಬಾರದು. ಕತ್ತಲು, ತಂಪು, ಸದ್ದಿಲ್ಲದ ಜಾಗ ಬೇಕು. "ಉಳದಿದ್ದು ಅದರ ಹಣೇಬಾರ," ಎಂದು ಫೋನು ಇಟ್ಟರು.

ನಾನು ಬಚ್ಚಲ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ನನ್ನ ಶುಚಿತ್ವವನ್ನು ಅದು ಎಷ್ಟೋ ದಿನದಿಂದ ಕುಡಿಯುತ್ತಿತ್ತು. ಮೇಲಿಂದ ನಾನೇ ಮದ್ದನ್ನೂ ಹಚ್ಚಿದೆ. ಎರಡನ್ನೂ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದೆ. ಒಳ್ಳೆಯ ಮನಸ್ಸು ಸಾಲುವುದಿಲ್ಲವೇ ಎಂದು ಅವತ್ತು ಮೊದಲ ಸಲ ನನಗೆ ಅನುಮಾನ ಬಂತು.

ಕೊಡದಲ್ಲಿ ಹಿಂದಿನ ದಿನ ತುಂಬಿಟ್ಟಿದ್ದ ನೀರಿನಿಂದ ತೊಳೆದು, ಹಳೆಯ ಮಣ್ಣಿನ ಪರಾತದಲ್ಲಿ ಒದ್ದೆ ಅರಿವೆ ಹಾಸಿ, ಒಡೆದ ಹೆಂಚಿನ ಮರೆ ಮಾಡಿ ಇಟ್ಟೆವು. ದಿನಕ್ಕೆ ಎರಡು ಸಲ ನೀರು ಬದಲಿಸಿದೆವು. ಮೂರನೆಯ ದಿನ ಕಾಲು ಒಳಗೆ ಎಳೆದುಕೊಂಡು ಕುಳಿತಿತು. ಹುಡುಗ ಕುಣಿದಾಡಿದ. ಆದರೆ ಏನೂ ತಿನ್ನಲೊಲ್ಲದು. ಅವನು ಅನ್ನದ ಅಗುಳು ಇಟ್ಟ, ರೊಟ್ಟಿಯ ಚೂರು ಇಟ್ಟ, ನನ್ನ ಕಣ್ಣು ತಪ್ಪಿಸಿ ಬೆಲ್ಲವನ್ನೂ ಇಟ್ಟ. ಎಲ್ಲವೂ ಹಾಗೆಯೇ ಉಳಿದು ಹಳಸಿದವು.

ಅತ್ತೆಯವರಿಗೆ ಗಂಜಿ ಕುಡಿಸುವಾಗ ಈ ಸುದ್ದಿ ಹೇಳಿದೆ. ಅವರ ಮುಖದ ಎಡಭಾಗ ನಕ್ಕಿತು. "ಸಾಲ್ಯಾಗ ಕಲಸ್ತಿ, ಇಷ್ಟ ಗೊತ್ತಾಗಲಿಲ್ಲೇನ ನಿನಗ? ಅದು ಕಪ್ಪಿ. ಅದಕ್ಕ ಹರದಾಡೂದು ಬೇಕು. ಸತ್ತದ್ದು ಅದಕ್ಕ ಅನ್ನ ಅಲ್ಲ ಬೇ."

ಮಾತು ಸರಿ. ಎದುರಿಗೆ ಅಲುಗಾಡಿದ್ದನ್ನೇ ಕಪ್ಪೆ ಆಹಾರವೆಂದು ತಿಳಿಯುತ್ತದೆ. ಆದರೆ ನಮ್ಮದು ಲಿಂಗವಂತರ ಮನೆ. ಮೊಟ್ಟೆ ಕೂಡ ಹೊಸ್ತಿಲು ದಾಟಿಲ್ಲ. ಈ ಮನೆಯಲ್ಲಿ, ನನ್ನ ಕೈಯಿಂದ, ಜೀವಂತ ಹುಳವನ್ನು ಇನ್ನೊಂದರ ಬಾಯಿಗೆ ಕೊಡುವುದೇ? ಒಂದು ಜೀವ ಉಳಿಸಲು ದಿನಕ್ಕೆ ನಾಲ್ಕು ಜೀವ ತೆಗೆದರೆ ಅದು ಯಾವ ಲೆಕ್ಕದ ದಯೆ? ನಾನು ಒಂದು ಉಪಾಯ ಮಾಡಿದೆ. ಮೊಮ್ಮಗನಿಗೆ ಹೇಳಿದೆ: "ತುಳಸಿ ಕಟ್ಟಿ ಹಿಂದ ಹಸಿ ಮಣ್ಣಾಗ ಹುಳ ಇರತಾವ. ನೀನ ತಂದು ಹಾಕು. ನನಗ ತೋರಸಬ್ಯಾಡ."

ಹುಡುಗ ಹೊರಡಲಿಲ್ಲ. "ಆಯಿ, ಹುಳಕ್ಕ ನೋವಾಗೂದಿಲ್ಲೇನ?" ಎಂದ. ಸ್ವಲ್ಪ ತಡೆದು, "ನಾ ಮಾಡಿದರ ನನಗ ಪಾಪ ಬರೂದಿಲ್ಲೇನ?" ಎಂದೂ ಕೇಳಿದ.

ಮೂವತ್ತು ವರ್ಷ ಪಾಠ ಮಾಡಿದವಳಿಗೆ ಆ ಎರಡು ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಏಳು ವರ್ಷದ ಕೂಸಿನ ಕೈಗೆ ನನ್ನ ಪಾಪವನ್ನು ದಾಟಿಸಲು ಹೊರಟಿದ್ದೆ. ರಾತ್ರಿ ಹಾಸಿಗೆಯಲ್ಲಿ ಹೊರಳಾಡುತ್ತ ನನ್ನ ಕೈಗಳ ಲೆಕ್ಕ ತೆಗೆದೆ. ಹಬ್ಬಕ್ಕೆ ಮನೆ ತೊಳೆಯುವಾಗ ಜಿರಲೆಗೆ ಔಷಧ ಹೊಡೆದು ಮೊರದ ತುಂಬ ಬಳಿದು ಚೆಲ್ಲುತ್ತೇನೆ. ಅದಕ್ಕೆ ಸ್ವಚ್ಛತೆ ಎಂದು ಹೆಸರು. ಮದುವೆ ಮುಂಜಿವೆಗೆ ಉಡುವ ನನ್ನ ಇಳಕಲ್ ಸೀರೆಯ ಸೆರಗು ರೇಷ್ಮೆಯದು. ಒಳಗಿನ ಹುಳ ಸಮೇತ ಗೂಡನ್ನು ಕುದಿಸದೆ ಆ ಎಳೆ ಬಿಚ್ಚಿ ಬರುವುದಿಲ್ಲ. ಆ ಸೀರೆಯನ್ನು ಉಟ್ಟುಕೊಂಡೇ ಅಹಿಂಸೆಯ ಮೇಲೆ ಭಾಷಣ ಮಾಡಿ ಬಹುಮಾನ ತಂದಿದ್ದೇನೆ. ಅತ್ತೆಯ ಹಾಸಿಗೆಯ ಹೊಲಸನ್ನು ಇನ್ನೊಬ್ಬ ಹೆಣ್ಣುಮಗಳು ತೆಗೆಯುತ್ತಾಳೆ, ಸೇವೆ ಮಾಡಿದ ಹೆಸರು ನನಗೆ. ನನ್ನ ಕೈ ಶುಚಿಯಾಗಿ ಇರುವುದು ಇನ್ನೊಬ್ಬರ ಕೈ ಅದನ್ನು ಮಾಡುವುದರಿಂದ. ದಯೆ ಎಂದು ನಾನು ಕರೆಯುತ್ತಿದ್ದದ್ದು ಬಹಳಷ್ಟು ಸಲ ಮಡಿಯೇ ಆಗಿತ್ತು.

ಶೃಂಗೇರಿಯ ಕಥೆ ನಿಮಗೆ ಗೊತ್ತಿದೆ. ಬಿಸಿಲಿನಲ್ಲಿ ಹೆರಿಗೆ ನೋವು ತಿನ್ನುತ್ತಿದ್ದ ಕಪ್ಪೆಗೆ ನಾಗರಹಾವು ಹೆಡೆ ಬಿಚ್ಚಿ ನೆರಳು ಮಾಡಿತಂತೆ. ಅದನ್ನು ಕಂಡ ಶಂಕರಾಚಾರ್ಯರು ಅಲ್ಲಿಯೇ ಪೀಠ ಸ್ಥಾಪಿಸಿದರಂತೆ. ತುಂಗೆಯ ದಂಡೆಯ ಮೇಲೆ ಕಪ್ಪೆ ಶಂಕರ ಎಂದು ಅದರ ಗುರುತು ಇದೆ. ಶಾಲೆಯ ಮಕ್ಕಳಿಗೆ ನಾನು ಎಷ್ಟು ಸಲ ಹೇಳಿದ್ದೇನೋ. ಆ ಕಥೆಯಲ್ಲಿ ಹಾವು ತನ್ನ ಹಸಿವನ್ನೇ ಬಿಟ್ಟಿತು. ಅದು ಪುಣ್ಯಸ್ಥಳದ ಮಾತು. ನನ್ನ ಕಪ್ಪೆಯಿಂದಲೂ ನಾನು ಅದನ್ನೇ ಬಯಸಿದ್ದೆ. ಅದು ತನ್ನ ಹಸಿವು ಬಿಟ್ಟು, ನನ್ನ ಮನೆಯ ನೇಮಕ್ಕೆ ಒಗ್ಗಿ, ಮೊಸರನ್ನ ಉಂಡು ಬದುಕಬೇಕು! ಬಸವಣ್ಣನವರ ಒಂದು ವಚನದಲ್ಲಿ ಹಾವಿನ ಬಾಯಿಗೆ ಸಿಕ್ಕ ಕಪ್ಪೆ ಹಾರುವ ನೊಣಕ್ಕೆ ಆಸೆ ಪಡುವ ಚಿತ್ರ ಬರುತ್ತದೆ. ನಮ್ಮ ಆಸೆಬುರುಕತನಕ್ಕೆ ಹಿಡಿದ ಕನ್ನಡಿ ಅದು, ಹಾಗೆಯೇ ಪಾಠ ಮಾಡಿದ್ದೇನೆ. ಆ ರಾತ್ರಿ ಮಾತ್ರ ಅದು ಬೇರೆಯಾಗಿ ಕಂಡಿತು. ಹಸಿದ ಕಪ್ಪೆ ನೊಣವನ್ನಲ್ಲದೆ ಇನ್ನೇನನ್ನು ಬಯಸಬೇಕು? ಆಸೆ ಅದರ ತಪ್ಪಲ್ಲ, ಅದರ ಹುಟ್ಟು. ತಪ್ಪು ಮಾಡುವ, ಅದನ್ನು ತಿದ್ದಿಕೊಳ್ಳುವ ಭಾಗ್ಯ ಇರುವುದು ನನಗೆ ಮಾತ್ರ.

ಮರುದಿನ ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ನಾನೇ ತುಳಸಿ ಕಟ್ಟೆಯ ಹಿಂದೆ ಕುಳಿತು ಮಣ್ಣು ಕೆದರಿದೆ. ಮನೆಯ ಜಿರಲೆ ಕೊಡುವಂತಿರಲಿಲ್ಲ, ಅವುಗಳ ಮೈಯಲ್ಲಿ ನಾನು ಹೊಡೆದ ಔಷಧ ಇರಬಹುದು. ಒಂದು ಸಣ್ಣ ಎರೆಹುಳ ಸಿಕ್ಕಿತು. ಕೈಯಲ್ಲಿ ಅದು ಹೊರಳಿದಾಗ ಮೈ ಜುಮ್ಮೆಂದಿತು. ಮೊಮ್ಮಗನನ್ನು ಕರೆದು ಹೇಳಿದೆ: "ಹುಳಕ್ಕ ನೋವಾಗತೈತೋ ಇಲ್ಲೋ ನನಗ ಗೊತ್ತಿಲ್ಲಪಾ. ಆಗತೈತಿ ಅಂತನ ತಿಳಕೊಳ್ಳೋಣು. ಕಪ್ಪಿಗೆ ಜಡ್ಡ ಬಂದದ್ದು ನನ್ನಿಂದ. ಅದಕ್ಕ ಈ ಕೆಲಸಾ ನಾನ ಮಾಡಬೇಕು, ನೀ ಅಲ್ಲ. ಪಾಪ ಬಂದರ ನನಗ ಬರಲಿ."

ಹುಳವನ್ನು ಪರಾತದಲ್ಲಿ ಬಿಟ್ಟೆ. ಕಪ್ಪೆ ಬಹಳ ಹೊತ್ತು ನೋಡಿತು. ಮುಂದಿನ ಕಾಲಿನ ಮೇಲೆ ಸ್ವಲ್ಪ ಬಾಗಿತು. ನಾಲಿಗೆ ಹೊರಬಂದದ್ದು ಕಾಣಲೇ ಇಲ್ಲ, ಹುಳ ಅರ್ಧ ಬಾಯೊಳಗಿತ್ತು. ಮುಂಗಾಲಿನಿಂದ ಉಳಿದರ್ಧವನ್ನು ಒಳಗೆ ತಳ್ಳಿಕೊಂಡು, ಕಣ್ಣು ಮುಚ್ಚಿ ನುಂಗಿತು. ಕಪ್ಪೆಗೆ ತುತ್ತನ್ನು ಗಂಟಲಿಗೆ ಇಳಿಸಲು ಕಣ್ಣಗುಡ್ಡೆಗಳೇ ಒಳಕ್ಕೆ ಒತ್ತಿ ಸಹಾಯ ಮಾಡುತ್ತವೆ. ಅದು ಗೊತ್ತಿದ್ದರೂ, ಸಮಾಧಾನದಿಂದ ಕಣ್ಣು ಮುಚ್ಚಿದ ಹಾಗೆ ಕಂಡಿತು. ನನಗೆ ಅಳುವೂ ಬಂತು, ಹೇಸಿಕೆಯೂ ಬಂತು. ಎರಡೂ ಒಟ್ಟಿಗೆ ಬರಬಹುದೆಂದು ಯಾವ ಪಾಠದಲ್ಲೂ ಓದಿರಲಿಲ್ಲ.

ಅವತ್ತು ಸಂಜೆ ಅತ್ತೆಯವರ ಬಾಯಿಗೆ ಗಂಜಿಯ ಚಮಚ ಹಿಡಿದಾಗ ಅವರು ಮುಖ ತಿರುಗಿಸಿದರು. ಇದು ಹೊಸದಲ್ಲ, ಮೂರು ವರ್ಷದಿಂದ ತಿರುಗಿಸುತ್ತಿದ್ದರು. ನಾನು ಕೂಸಿಗೆ ಹೇಳುವ ಹಾಗೆ ರಮಿಸಿ, ಗದರಿಸಿ ಕುಡಿಸುತ್ತಿದ್ದೆ. ಆ ಸಂಜೆ ಚಮಚ ಕೆಳಗಿಟ್ಟೆ. ಹಳಸಿದ ಅನ್ನದ ಅಗುಳು ಕಣ್ಣ ಮುಂದೆ ಬಂತು.

"ಅತ್ತೀ, ನಿಮಗೇನ ಬೇಕ್ರಿ?" ಎಂದೆ.

ಅವರು ನನ್ನನ್ನು ಬಹಳ ಹೊತ್ತು ನೋಡಿದರು. "ಈಗ ಕೇಳಿದಿ?" ಎಂದರು. ಆ ಎರಡು ಶಬ್ದಕ್ಕೆ ನಾನು ಇವತ್ತಿಗೂ ಉತ್ತರ ಕೊಟ್ಟಿಲ್ಲ.

ಅವರು ಕೇಳಿದ್ದು ಎರಡೇ. ಮಜ್ಜಿಗೆಯಲ್ಲಿ ನೆನೆಸಿದ ಜೋಳದ ರೊಟ್ಟಿ, ಅದಕ್ಕೆ ಒಂದಿಷ್ಟು ರಂಜಕ. ಎರಡನೆಯದು, ಹೊರಸನ್ನು ಮಗ್ಗದ ಮನೆಯ ಬಾಗಿಲ ಹತ್ತಿರ ಹಾಕಬೇಕು. ಹನ್ನೆರಡು ವರ್ಷಕ್ಕೆ ಮದುವೆಯಾಗಿ ಬಂದು, ಅರವತ್ತು ವರ್ಷ ಕಂಡಿಕೆ ಸುತ್ತಿದ ಕೈ ಅವರದು. ಮುಂದಿನ ಕೋಣೆಯ ಶಾಂತಿ ಅವರಿಗೆ ಮಸಣದ ಶಾಂತಿಯಾಗಿತ್ತು. "ಸಪ್ಪಳಾ ಕೇಳಿದರ ಎಳಿ ಕಡದದ್ದು ಗೊತ್ತಾಗತೈತಿ ನನಗ," ಎಂದರು. ಧೂಳು ಬರುತ್ತದೆ, ಕಸ ಹಾರುತ್ತದೆ, ಬಂದವರು ಏನೆಂದಾರು ಎಂದು ನಾನೇ ಅಡ್ಡ ಬಂದಿದ್ದೆ. ಬಂದವರ ಮೂಗಿಗೆ ಹಿತವಾದದ್ದನ್ನೆಲ್ಲ ಮಾಡಿದ್ದೆ. ಅವರ ಕಿವಿಗೆ ಏನು ಹಿತ ಎಂದು ಕೇಳಿರಲಿಲ್ಲ. ರೊಟ್ಟಿಯನ್ನು ನುಣ್ಣಗೆ ಕಿವುಚಿ, ಬೆರಳ ತುದಿಯಷ್ಟು ರಂಜಕ ಹಚ್ಚಿ ತಿನ್ನಿಸಿದೆ. ಖಾರಕ್ಕೆ ಕಣ್ಣಲ್ಲಿ ನೀರು ಬಂತು. "ಹಾಂ," ಎಂದರು. ಮರುದಿನ ಹೊರಸು ಬಾಗಿಲಿಗೆ ಬಂತು. ಎರಡು ತಾಸಿನಲ್ಲಿ ಅವರು, "ಮೂರನೇ ಮಗ್ಗದಾಗ ಎಳಿ ಹೋಗೈತಿ ನೋಡ್ರೋ" ಎಂದು ತೊದಲುತ್ತ ಕೂಗಿದರು. ಎಳೆ ನಿಜವಾಗಿಯೂ ಕಡಿದಿತ್ತು.

ಇದನ್ನು ಓದಿ, ಸೇವೆ ಮಾಡುವವರ ಕಷ್ಟ ನಿಮಗೇನು ಗೊತ್ತು ಎಂದು ಯಾರಾದರೂ ಸಿಟ್ಟಾಗಬಹುದು. ಗೊತ್ತು ತಾಯಿ. ಶಾಲೆ, ಅಡಿಗೆ, ಮೊಮ್ಮಕ್ಕಳು, ಹಾಸಿಗೆ ಹಿಡಿದ ಹಿರಿಯರು ಎಲ್ಲವನ್ನೂ ಒಂದೇ ಮೈ ಹೊರಬೇಕು. ನೇಮ, ಹೊತ್ತು, ಫಿನೈಲ್ ಇಲ್ಲದೆ ಮನೆ ನಡೆಯುವುದಿಲ್ಲ. ಹಾಸಿಗೆ ಹಿಡಿದವರು ಕೇಳಿದ್ದನ್ನೆಲ್ಲ ಕೊಡಲೂ ಬರುವುದಿಲ್ಲ. ರಂಜಕ ಬೆರಳ ತುದಿಯಷ್ಟೇ ಕೊಟ್ಟೆ, ಬಟ್ಟಲು ಕೊಡಲಿಲ್ಲ. ನಾನು ಹೇಳುವುದು ಇಷ್ಟೇ. ನಮಗೆ ಕೊಡಲು ಸುಲಭವಾದದ್ದನ್ನು ಕೊಟ್ಟು, ಅದು ತಿನ್ನಲಿಲ್ಲವೆಂದು ನೊಂದುಕೊಳ್ಳುತ್ತೇವೆ. ಎದುರಿಗಿರುವ ಜೀವಕ್ಕೆ ಏನು ಬೇಕು ಎಂದು ಕೇಳಿದರೆ ನಮ್ಮ ಕೈ ಸ್ವಲ್ಪ ಹೊಲಸಾಗುತ್ತದೆ, ನಮ್ಮ ಒಳ್ಳೆಯ ಹೆಸರಿಗೆ ಸ್ವಲ್ಪ ಕುಂದು ಬರುತ್ತದೆ. ಅದಕ್ಕೆ ಹೆದರಿ ಕೇಳುವುದೇ ಇಲ್ಲ.

ಕಪ್ಪೆ ಹದಿನೈದು ದಿನ ನಮ್ಮ ಪರಾತದಲ್ಲಿ ಇತ್ತು. ಹೊಟ್ಟೆಯ ಕೆಂಪು ಇಳಿಯಿತು. ಜುಲೈ ಮೊದಲ ವಾರದ ಒಂದು ರಾತ್ರಿ ಸಣ್ಣ ಮಳೆ ಹಿಡಿಯಿತು. ಎಲ್ಲಿಂದಲೋ ಕಪ್ಪೆಗಳ ಕೂಗು ಶುರುವಾಯಿತು. ನಮ್ಮದು ಪರಾತದ ಅಂಚಿಗೆ ಮುಂಗಾಲು ಇಟ್ಟು ನಿಂತಿತು. ಮೊಮ್ಮಗ ಬೇಡವೆಂದು ಅತ್ತ. ನಾನು ಪರಾತವನ್ನು ಹಿತ್ತಲಿಗೆ ಒಯ್ದು ತುಳಸಿ ಕಟ್ಟೆಯ ಹಿಂದೆ ಓರೆ ಮಾಡಿದೆ. ಅದು ಇಳಿದು, ಎರಡು ಕುಪ್ಪಳಿಸಿ, ಕತ್ತಲಲ್ಲಿ ಹೋಯಿತು. "ತಿರುಗಿ ನೋಡಲಿಲ್ಲ ಆಯಿ," ಎಂದು ಹುಡುಗ ಮುನಿಸಿಕೊಂಡ.

ಬಾದಾಮಿಗೆ ಪ್ರವಾಸ ಹೋದಾಗಲೆಲ್ಲ ಮಕ್ಕಳಿಗೆ ಕಪ್ಪೆ ಅರಭಟ್ಟನ ಶಾಸನದ ವಿಷಯ ಹೇಳುತ್ತೇನೆ. ಸುಮಾರು ಕ್ರಿ.ಶ. 700ರ ಕಾಲದ್ದು, ಕನ್ನಡದ ತ್ರಿಪದಿ ಮೊದಲು ಸಿಗುವುದು ಅದರಲ್ಲಿ. ಆ ಹೆಸರಿಗೆ ಮಕ್ಕಳು ಪ್ರತಿ ಸಲವೂ ನಗುತ್ತಾರೆ. ಒಳ್ಳೆಯವರಿಗೆ ಒಳ್ಳೆಯವನಾಗಿ, ಕೆಡುಕು ಮಾಡಿದವರಿಗೆ ತಕ್ಕ ಉತ್ತರ ಕೊಡುತ್ತಿದ್ದ ವೀರ ಅವನು. ಕೊಟ್ಟು ತೆಗೆದುಕೊಳ್ಳುವ ಆ ನ್ಯಾಯ ಮನುಷ್ಯರ ನಡುವೆ ಸರಿ. ನಮ್ಮ ಬಚ್ಚಲ ಕಪ್ಪೆ ನನಗೆ ಒಳ್ಳೆಯದೂ ಮಾಡಿರಲಿಲ್ಲ, ಕೆಟ್ಟದ್ದೂ ಮಾಡಿರಲಿಲ್ಲ. ಕೆಟ್ಟದ್ದು ಮಾಡಿದವಳು ನಾನು. ಅದು ತಿರುಗಿ ನೋಡಿದ್ದರೆ ನನಗೇ ನಾಚಿಕೆಯಾಗುತ್ತಿತ್ತು. ಹುಡುಗನಿಗೆ ಇಷ್ಟೇ ಹೇಳಿದೆ: "ಅದು ನಮ್ಮ ಋಣದಾಗ ಇರಲಿಲ್ಲಪಾ, ನಾವು ಅದರ ಋಣದಾಗ ಇದ್ದಿವಿ."

ಆ ಆಗಸ್ಟಿನಲ್ಲಿ ಬರಬಾರದ ರೀತಿಯಲ್ಲಿ ನೀರು ಬಂತು. ಕೃಷ್ಣೆ, ಘಟಪ್ರಭೆಗಳು ಉಕ್ಕಿ ದಂಡೆಯ ಊರುಗಳು ಮುಳುಗಿದವು. ಕಪ್ಪೆಗೆ ಲಗ್ನ ಮಾಡಿದವರು ಈಗ ಏನು ಮಾಡಬೇಕು ಎಂದು ಓಣಿಯವರು ಕುಚೋದ್ಯ ಮಾಡಿದರು. ನಮ್ಮ ಕಪ್ಪೆ ಉಳಿಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಹಂಡೆಯ ಹಿಂದಿನ ಸಂದಿಗೆ ಅದು ಮತ್ತೆ ಬರಲಿಲ್ಲ. ಅತ್ತೆಯವರು ಮರುವರ್ಷ ಚಳಿಗಾಲದಲ್ಲಿ, ಮಗ್ಗದ ಮನೆಯ ಬಾಗಿಲಲ್ಲೇ, ಕರೆಂಟು ಹೋಗಿ ಮಗ್ಗ ನಿಂತಿದ್ದ ಹೊತ್ತಿನಲ್ಲಿ ಕಣ್ಣು ಮುಚ್ಚಿದರು. ಕೊನೆಯ ಆ ಒಂದೂವರೆ ವರ್ಷ ಅವರ ಮೈ ನಾನೇ ಒರೆಸಿದೆ. ಮನೆ ಆಗೀಗ ಸ್ವಲ್ಪ ನಾತ ಹೊಡೆಯುತ್ತಿತ್ತು. ಬಂದವರು ಮೂಗು ಮುಚ್ಚಿಕೊಂಡದ್ದೂ ಉಂಟು.

ಕಪ್ಪಿಗೆ ಮಾಡಿದರ ಏನ ಬರತೈತಿ ಎಂದು ಕೇಳಿದ ಗೆಳತಿಗೆ ನಾನು ಇನ್ನೂ ಉತ್ತರ ಹೇಳಿಲ್ಲ. ಬಚ್ಚಲನ್ನು ಈಗ ಬಿಸಿನೀರು ಹಾಕಿ ಬರಿ ಪೊರಕೆಯಿಂದ ತಿಕ್ಕುತ್ತೇನೆ. ಹಂಡೆಯ ಹಿಂದಿನ ಆ ಸಂದಿಯನ್ನು ಸಿಮೆಂಟಿನಿಂದ ಮುಚ್ಚಿಸೋಣ ಎಂದು ನಮ್ಮವರು ಎರಡು ಸಲ ಅಂದರು. ಇರಲಿ ಬಿಡ್ರಿ ಎಂದಿದ್ದೇನೆ.